ಕನ್ನಡಿಯ ಮೇಲಿನ ಹನ್ನೊಂದು ಮಂದಿ

ಆಕೆಯನ್ನು ಅತ್ತಿಗೆ ಎಂದು ಕರೆಯುವ ಹಕ್ಕು ನ್ಯಾಯವಾಗಿ ಇದ್ದದ್ದು ಒಬ್ಬನಿಗೆ ಮಾತ್ರ, ಗಂಡನ ತಮ್ಮನಿಗೆ. ಆದರೆ ಅವನನ್ನು ನೋಡಿ ಗಂಡನ ಗೆಳೆಯರು ಕಲಿತರು, ಗೆಳೆಯರನ್ನು ನೋಡಿ ಅವರ ಹೆಂಡಂದಿರು ಕಲಿತರು. ಕೊನೆಗೆ ಆಕೆ ಕೆಲಸ ಮಾಡುವ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಸೊಂಟ ಹಿಡಿದುಕೊಂಡು ಬರುವ ಹಣ್ಣುಹಣ್ಣು ಮುದುಕರೂ "ಅತ್ತಿಗೆ, ಸ್ವಲ್ಪ ಮೆಲ್ಲಗೆ" ಎನ್ನತೊಡಗಿದರು. ಆಕೆ ಬೇಡವೆನ್ನಲಿಲ್ಲ. ಕರೆಯುವ ಬಾಯಿಗೆ ಬೀಗ ಹಾಕುವುದುಂಟೆ?

ಕ್ಲಿನಿಕ್ಕೆಂದರೆ ಹಸಿರು ಪರದೆ ಎಳೆದ ಮೂರು ಮಂಚ, ಗೋಡೆಗೆ ಹೊಡೆದ ಒಂದು ವ್ಯಾಯಾಮದ ಏಣಿ, ಮೂಲೆಯಲ್ಲಿ ಬಿಸಿ ಚೀಲಗಳು ಮುಳುಗಿ ಕೂತಿರುವ ಸ್ಟೀಲಿನ ತೊಟ್ಟಿ. ಬಿಸಿ ಚೀಲವನ್ನು ಟವೆಲ್ಲಿನಲ್ಲಿ ಸುತ್ತಿ ಬೆನ್ನಿಗಿಡುವುದು, ಐಸ್ ಕಟ್ಟುವುದು, ತೊಳೆದು ಒಣಗಿಸಿದ ಬ್ಯಾಂಡೇಜುಗಳನ್ನು ಬಿಗಿಯಾಗಿ ಸುತ್ತಿಡುವುದು, ಯಾರ ಸರದಿ ಯಾವಾಗ ಎಂದು ನೋಡಿಕೊಳ್ಳುವುದು ಅತ್ತಿಗೆಯ ಕೆಲಸ. ಉಳಿದದ್ದು ಡಾಕ್ಟರದ್ದು. ಡಾಕ್ಟರು ಮಾತು ಕಡಿಮೆಯ ಹೆಂಗಸು. ಆಕೆಯ ಪಾಲಿನ ಮಾತನ್ನೂ ಅತ್ತಿಗೆಯೇ ಆಡಿ ರೋಗಿಗಳ ಮನಸ್ಸನ್ನು ನೋವಿನಿಂದ ಬೇರೆ ಕಡೆಗೆ ಎಳೆಯುತ್ತಿದ್ದರು.

ಊರಿನ ಫುಟ್‌ಬಾಲ್ ಕ್ಲಬ್ಬಿನ ಹುಡುಗರು ಕಾಲು ಉಳುಕಿದರೆ, ಮಂಡಿ ಊದಿದರೆ ಬರುತ್ತಿದ್ದದ್ದು ಇಲ್ಲಿಗೇ. ಆದ್ದರಿಂದ ಅತ್ತಿಗೆಗೆ ಫುಟ್‌ಬಾಲ್ ಮೊದಲು ಪರಿಚಯವಾದದ್ದು ತೊಡೆ, ಮೀನಖಂಡ, ಹಿಮ್ಮಡಿಗಳ ಮೂಲಕ. ಆಟ ಅರ್ಥವಾದದ್ದು ಆಮೇಲೆ, ಅದೂ ಗಂಡ ತೀರಿಕೊಂಡ ಮೇಲೆ.

ಗಂಡ ಬಸ್ ಓಡಿಸುತ್ತಿದ್ದ. ಚೆಂಡನ್ನು ನೆಟ್ಟಗೆ ಒದೆಯಲು ಬಾರದವನು, ಆದರೆ ಆಟದ ಹುಚ್ಚು ನೆತ್ತಿಗೇರಿದವನು. ಕ್ಷೌರದಂಗಡಿಯಲ್ಲಿ ಗೆಳೆಯರನ್ನು ಸೇರಿಸಿ ಫ್ಯಾಂಟಸಿ ಫುಟ್‌ಬಾಲ್ ಎಂಬ ಗೀಳು ಹಚ್ಚಿದವನು ಅವನೇ. ಆಟದ ಕ್ರಮ ಸರಳ. ಲೀಗಿನಲ್ಲಿ ಆಡುವ ಎಲ್ಲ ಕ್ಲಬ್ಬುಗಳ ಆಟಗಾರರಿಂದ ಪ್ರತಿಯೊಬ್ಬನೂ ತನಗೆ ಬೇಕಾದ ಹನ್ನೊಂದು ಮಂದಿಯನ್ನು ಆರಿಸಿ ತಂಡ ಕಟ್ಟಬೇಕು. ಆ ವಾರ ಅವರು ಮೈದಾನದಲ್ಲಿ ಗೋಲು ಹೊಡೆದರೆ, ಗೋಲು ತಡೆದರೆ ಇವನಿಗೆ ಅಂಕ. ಹನ್ನೊಂದರಲ್ಲಿ ಒಬ್ಬನನ್ನು ಕ್ಯಾಪ್ಟನ್ ಎಂದರೆ ಅವನ ಅಂಕ ಎರಡರಷ್ಟು. ಆರಿಸಿದವನು ಗಾಯಗೊಂಡು ಮನೆಯಲ್ಲಿ ಕೂತರೆ ಸೊನ್ನೆ. ಹಾಗಾಗಿ ಈ ಆಟದಲ್ಲಿ ಗೆಲ್ಲುವವನಿಗೆ ಆಟಕ್ಕಿಂತ ಹೆಚ್ಚಾಗಿ ಗಾಯದ ಸುದ್ದಿ ಗೊತ್ತಿರಬೇಕು.

ಲೋಕವೆಲ್ಲ ಇದನ್ನು ಫೋನಿನಲ್ಲಿ ಆಡುತ್ತದೆ. ಅವನಿಗೆ ಫೋನು ಒಗ್ಗಲಿಲ್ಲ. "ಇದೇನು ಇಸ್ಪೀಟಾ, ಎಲೆ ಮುಚ್ಚಿಟ್ಕೊಂಡು ಆಡೋಕೆ? ಎಲ್ರೂ ಎದುರಿಗೇ ಹೇಳ್ಬೇಕು" ಎಂದು ಅವನು ಕಾನೂನು ಮಾಡಿದ. ಶನಿವಾರ ಬೆಳಿಗ್ಗೆ ಎಲ್ಲರೂ ಕ್ಷೌರದಂಗಡಿಯಲ್ಲಿ ಸೇರಬೇಕು, ಒಬ್ಬೊಬ್ಬರೂ ತಂಡ ಹೇಳಬೇಕು, ಕ್ಷೌರಿಕ ಅದನ್ನು ದೊಡ್ಡ ಕನ್ನಡಿಯ ಮೇಲೆ ಸೋಪಿನ ತುಂಡಿನಿಂದ ಬರೆಯಬೇಕು. ಹಿಂದಿನ ವಾರ ಇದ್ದವನನ್ನು ತೆಗೆದರೆ ಕಾರಣ ಹೇಳಲೇಬೇಕು. ಆಮೇಲೆ ಎರಡು ದಿನ ಗಡ್ಡ ಮಾಡಿಸಿಕೊಳ್ಳಲು ಬಂದವರೆಲ್ಲ ತಮ್ಮ ಕೆನ್ನೆಯನ್ನು ಸೆಂಟರ್ ಫಾರ್ವರ್ಡುಗಳ ನಡುವೆ ಹುಡುಕಿಕೊಳ್ಳಬೇಕಿತ್ತು.

ಗೆದ್ದವರಿಗೆ ಕೊಡಲು ಕಪ್ಪು ಬೇಡವೇ? ಅವನು ಹೇಳದೆ ಕೇಳದೆ ಮನೆಯ ಅಲ್ಯೂಮಿನಿಯಂ ಕೆಟಲನ್ನು ಕೊಂಡೊಯ್ದು ಕೊಟ್ಟುಬಿಟ್ಟ. ಅತ್ತಿಗೆ ಅಡುಗೆಮನೆಯೆಲ್ಲ ಜಾಲಾಡಿ, ಪಕ್ಕದ ಮನೆಯವಳ ಮೇಲೆ ಸಂಶಯಪಟ್ಟು, ಕೊನೆಗೆ ವಿಷಯ ತಿಳಿದು ಕೆಂಡಾಮಂಡಲವಾದರು. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಅವನು ಇಬ್ಬರಿಗೂ ಚಹಾ ಮಾಡುತ್ತಿದ್ದ ಕೆಟಲ್ ಅದು. ಹಳೆಯ ಜಗಳವೊಂದರಲ್ಲಿ ನೆಲಕ್ಕೆ ಬಿದ್ದು ಅದರ ಹೊಟ್ಟೆ ಒಳಕ್ಕೆ ಹೋಗಿತ್ತು. ಎಸೆದವರು ಯಾರು ಎಂಬುದು ಗಂಡಹೆಂಡಿರ ನಡುವೆ ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ಮೊದಲ ವರ್ಷ ಅವನೇ ಗೆದ್ದು, ತನ್ನ ಮನೆಯ ಕೆಟಲನ್ನು ತಾನೇ ಮೆರವಣಿಗೆಯಲ್ಲಿ ಹೊತ್ತು ತಂದ. ಮರುವರ್ಷ ಅದು ಕ್ಷೌರಿಕನ ಪಾಲಾಯಿತು. ವಾಪಸು ಗೆದ್ದು ತರುತ್ತೇನೆಂದವನು ಅದೇ ಚಳಿಗಾಲ ಎದೆ ಹಿಡಿದುಕೊಂಡು ಬಸ್ಸಿನ ಸ್ಟಿಯರಿಂಗಿನ ಮೇಲೆ ಒರಗಿದ.

ಮುಂದಿನ ಶನಿವಾರಗಳಲ್ಲಿ ಒಂದು ದಿನ ಅತ್ತಿಗೆ ಕ್ಷೌರದಂಗಡಿಯ ಮೆಟ್ಟಿಲು ಹತ್ತಿ, ಅವನು ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತು "ನನ್ನದೂ ಬರೀರಿ" ಎಂದರು. ಯಾರೂ ನಗಲಿಲ್ಲ. ಆಕೆಗೆ ಬೇಕಾದದ್ದು ಒಂದೇ, ಕೆಟಲ್ ಮನೆಗೆ ಬರಬೇಕು. ಕೇಳಿದ್ದರೆ ಅವರು ಕೊಟ್ಟುಬಿಡುತ್ತಿದ್ದರು. ಆದರೆ ಕೇಳಿ ತಂದರೆ ಅದು ಕೆಟಲ್, ಗೆದ್ದು ತಂದರೆ ಅವನ ಮಾತು. ಆಕೆ ಕೇಳಲಿಲ್ಲ. ಆಡುತ್ತಾ, ಸೋಲುತ್ತಾ, ಕಲಿಯುತ್ತಾ ವರ್ಷಗಳು ಹೋದವು. ಈ ವರ್ಷ ಮೊದಲ ಬಾರಿಗೆ ಕನ್ನಡಿಯ ಮೇಲಿನ ಪಟ್ಟಿಯಲ್ಲಿ ಆಕೆಯ ತಂಡ ಎಲ್ಲರಿಗಿಂತ ಮೇಲಿತ್ತು. ಬೆನ್ನಿಗೇ, ಕೂದಲೆಳೆಯಷ್ಟು ಹಿಂದೆ, ಸೈಕಲ್ ಅಂಗಡಿಯ ಮೈದುನ.

ಈ ಮೇಲೇರುವಿಕೆಯ ನಡುವೆ ಒಂದು ಎಡವಟ್ಟು ನಡೆದಿತ್ತು. ಅದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಊರಿನ ಕ್ಲಬ್ಬಿನ ಗೋಲ್‌ಕೀಪರ್ ಎಡ ಮಣಿಕಟ್ಟು ಊದಿಸಿಕೊಂಡು ಕ್ಲಿನಿಕ್ಕಿಗೆ ಬಂದಿದ್ದ. ಅವನು ಅತ್ತಿಗೆಯ ತಂಡದಲ್ಲೂ ಇದ್ದ. ಆ ಶನಿವಾರ ಆಕೆ ಏನೂ ಯೋಚಿಸದೆ ಅವನ ಬದಲು ಇನ್ನೊಬ್ಬನ ಹೆಸರು ಹೇಳಿದರು.

"ಕಾರಣ?" ಎಂದ ಕ್ಷೌರಿಕ, ಸೋಪು ಹಿಡಿದ ಕೈ ಹಾಗೇ ನಿಲ್ಲಿಸಿ.

"ಸುಮ್ನೆ. ಬದಲಾವಣೆ ಇರ್ಲಿ ಅಂತ."

"ಅತ್ತಿಗೆ ಸುಮ್ನೆ ತೆಗೆಯೋ ಪೈಕಿನಾ?" ಎಂದು ಮೈದುನ ಕಣ್ಣು ಮಿಟುಕಿಸಿದ. "ಅವರು ಕೆಲಸ ಮಾಡೋದು ಎಲ್ಲಿ ಅಂತ ಮರೆತ್ರಾ? ನನ್ನ ತಂಡದಿಂದ್ಲೂ ಆ ಗೋಲ್‌ಕೀಪರ್‌ನ ತೆಗೀರಪ್ಪ."

ಒಬ್ಬರ ಹಿಂದೆ ಒಬ್ಬರು ತೆಗೆದರು. ಮಧ್ಯಾಹ್ನದೊಳಗೆ ಕನ್ನಡಿ ನೋಡಿದವರ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಮರುದಿನ ಎದುರಾಳಿಗಳು ಹೊಡೆದ ಚೆಂಡೆಲ್ಲ ಅವನ ಎಡಕ್ಕೇ. ಸೋಮವಾರ ಅವನು ಊದಿದ ಕೈಯನ್ನು ಅತ್ತಿಗೆಯ ಮುಂದಿಟ್ಟು, "ಅತ್ತಿಗೆ, ಇದು ನಿಮಗೆ, ಡಾಕ್ಟ್ರಿಗೆ, ನಂಗೆ ಬಿಟ್ರೆ ಗೊತ್ತಿರಲಿಲ್ಲ. ಅವರಿಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿದ. ಅವನಿಗೆ ಸಂಶಯವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅತ್ತಿಗೆಯ ಕೈಯಲ್ಲಿದ್ದ ಬ್ಯಾಂಡೇಜು ಉರುಳಿ ಮಂಚದ ಕೆಳಗೆ ಹೋಯಿತು. ಆಕೆ ಅವನಿಗೆ ಇದ್ದದ್ದು ಇದ್ದಂತೆ ಹೇಳಿದರು. ಅವನು "ಹೋಗ್ಲಿ ಬಿಡಿ" ಎಂದ. ಬೈದಿದ್ದರೆ ಮೇಲಾಗಿತ್ತು ಅನ್ನಿಸಿತು ಆಕೆಗೆ.

ಡಾಕ್ಟರು ಮಾತ್ರ ಪರದೆ ಸರಿಸಿ ಅಂದರು: "ಬಾಯಿ ಮುಚ್ಕೊಂಡ್ರೆ ಸಾಲದು ಅತ್ತಿಗೆ. ನೀವು ಏನು ಮಾಡ್ತೀರಿ ಅಂತಾನೂ ಜನ ನೋಡ್ತಾರೆ."

ಅಲ್ಲಿಂದ ಆಕೆ ತನಗೊಂದು ನಿಯಮ ಹಾಕಿಕೊಂಡರು. ಕ್ಲಿನಿಕ್ಕಿನ ಮಂಚದ ಮೇಲೆ ಮಲಗಿದವನನ್ನು ತಾನು ತಂಡದಿಂದ ತೆಗೆಯುವುದಿಲ್ಲ, ಅಲ್ಲಿ ಗುಣವಾದವನನ್ನು ನೋಡಿ ಹೊಸದಾಗಿ ಸೇರಿಸುವುದೂ ಇಲ್ಲ. ಗಾಯ ಊರಿಗೆಲ್ಲ ಗೊತ್ತಾದ ಮೇಲೆ ಮಾತ್ರ ತನಗೂ ಗೊತ್ತು. "ಇನ್ಮುಂದೆ ನನ್ನ ತಂಡ ನೋಡಿ ಯಾರೂ ತಂಡ ಕಟ್ಬೇಡಿ" ಎಂದು ಅಂಗಡಿಯಲ್ಲಿ ಸಾರಿದರು. ಅವರು ನಕ್ಕರು. ಹಾಗೆ ಹೇಳುವುದೂ ಆಕೆಯ ಒಂದು ಉಪಾಯ ಎಂದುಕೊಂಡರು.

ಆಗಿನಿಂದ ಅಂಗಡಿಯ ಮಾತುಗಳೂ ಆಕೆಗೆ ಬೇರೆಯಾಗಿ ಕೇಳತೊಡಗಿದವು. "ಅವನ ಮಂಡಿ ಹೋಯ್ತಂತೆ, ಎತ್ತಿ ಬಿಸಾಕು", "ಇವನದು ಬರೀ ಉಳುಕು, ಇನ್ನೊಂದು ವಾರ ತಳ್ಳಬಹುದು" ಎನ್ನುತ್ತಿದ್ದರು. ಕೆಟ್ಟವರಲ್ಲ, ಮನೆಯಲ್ಲಿ ಬೆಕ್ಕಿಗೆ ಪೆಟ್ಟಾದರೂ ಊಟ ಬಿಡುವ ಜನ. ಆದರೆ ಅಂಗಡಿಯಲ್ಲಿ ಗಾಯವೆಂದರೆ ಒಂದು ಸುದ್ದಿ, ಕ್ಲಿನಿಕ್ಕಿನಲ್ಲಿ ಗಾಯವೆಂದರೆ ಹಲ್ಲು ಕಚ್ಚಿಕೊಂಡ ಒಂದು ಮುಖ. ಎರಡೂ ಕಡೆ ಕೂರುವವಳು ತಾನೊಬ್ಬಳೇ ಎಂಬುದು ಆಕೆಗೆ ಕೆಲವೊಮ್ಮೆ ಭಾರವಾಗುತ್ತಿತ್ತು.

ಕೊನೆಯ ವಾರ ಬಂತು. ಮಂಗಳವಾರ ಮಧ್ಯಾಹ್ನ, ಕ್ಲಿನಿಕ್ಕು ಖಾಲಿಯಿದ್ದ ಹೊತ್ತಿನಲ್ಲಿ, ಹಿಂಬಾಗಿಲು ಸದ್ದಾಯಿತು. ತೆರೆದರೆ ಜಿಂಕೆ ನಿಂತಿದ್ದ.

ಜಿಂಕೆ ಊರಿನ ಕ್ಲಬ್ಬಿನ ಮುಂಚೂಣಿ ಆಟಗಾರ. ಓಟಕ್ಕೆ ಬಿದ್ದ ಹೆಸರು. ಆ ವರ್ಷ ಪೂರ್ತಿ ಅತ್ತಿಗೆಯ ತಂಡದ ಕ್ಯಾಪ್ಟನ್ ಅವನೇ, ಆಕೆ ಮೇಲೇರಿದ್ದೂ ಅವನ ಕಾಲಿನಿಂದಲೇ. ಈಗ ಆ ಕಾಲನ್ನು ಅವನು ಎಳೆದುಕೊಂಡು ಒಳಗೆ ಬಂದ.

ಡಾಕ್ಟರು ತೊಡೆಯ ಹಿಂಭಾಗವನ್ನು ಒತ್ತಿ ನೋಡಿದರು, ಕಾಲೆತ್ತಿಸಿದರು, ಮಡಿಸಿದರು. "ಸ್ನಾಯು ಸ್ವಲ್ಪ ಹರಿದಿದೆ. ಕೆಲವು ವಾರ ಬಿಟ್ರೆ ತಾನಾಗೇ ಕೂಡುತ್ತೆ. ಭಾನುವಾರ ಓಡಿದ್ರೆ ಪೂರ್ತಿ ಹರಿಯಬಹುದು. ಆಮೇಲೆ ನಿನ್ನ ಜಿಂಕೆ ಅಂತ ಯಾರೂ ಕರೆಯಲ್ಲ." ಇಷ್ಟು ಹೇಳಿ, ತೀರ್ಮಾನ ನಿನ್ನದು ಎನ್ನುವಂತೆ ಭುಜ ತಟ್ಟಿ, ಫೋನ್ ಬಂತೆಂದು ಆಚೆ ಹೋದರು.

ಅತ್ತಿಗೆ ಐಸ್ ಚೀಲ ಕಟ್ಟತೊಡಗಿದರು. ಜಿಂಕೆ ಬೋರಲು ಮಲಗಿ ದಿಂಬಿನೊಳಗೆ ಮಾತಾಡಿದ.

"ಭಾನುವಾರ ದೊಡ್ಡ ಕ್ಲಬ್ಬಿನವರು ನೋಡೋಕೆ ಬರ್ತಿದಾರೆ ಅತ್ತಿಗೆ. ಕೋಚ್‌ಗೆ ಇನ್ನೂ ಹೇಳಿಲ್ಲ. ಬಿಗಿಯಾಗಿ ಕಟ್ಕೊಂಡು ಅರ್ಧ ಹೊತ್ತು ಆಡಿದ್ರೆ ಸಾಕು. ಏನಂತೀರಿ? ಆಡ್ಲಾ?"

ಹೌದು ಎಂಬ ಮಾತು ಅತ್ತಿಗೆಯ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಅರ್ಧ ಹೊತ್ತು. ಒಂದು ಗೋಲು. ಎರಡರಷ್ಟು ಅಂಕ. ಕೆಟಲ್ ಒಲೆಯ ಮೇಲೆ ಕೂತದ್ದು, ಅದರ ಮೂತಿಯಿಂದ ಹಬೆ ಬಂದದ್ದು ಎಲ್ಲ ಕಣ್ಣಿಗೆ ಕಟ್ಟಿತು. ಕೈ ಮಾತ್ರ ತಣ್ಣಗಿನ ಆ ತೊಡೆಯ ಮೇಲಿತ್ತು, ಒಳಗೆ ಸ್ನಾಯು ಹೆದರಿದ ಮರಿಯ ಹಾಗೆ ಅದುರುತ್ತಿತ್ತು. ಆಕೆಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

"ನನ್ನ ಕೇಳ್ಬೇಡ ಕಣೋ. ನನ್ನ ತಂಡದ ಕ್ಯಾಪ್ಟನ್ ನೀನು. ಈ ವಾರ ನೀನು ಆಡಿದ್ರೆ ನಾನು ಗೆಲ್ತೀನಿ. ನೀನು ಆಡ್ಲಿ ಅಂತ ನಂಗೆ ಎಷ್ಟು ಆಸೆ ಇದೆ ಗೊತ್ತಾ? ಆಡು ಅಂತ ನಾನು ಅಂದ್ರೆ ನಂಬಲೇಬೇಡ, ಅದು ಆಸೆಯ ಮಾತು."

ಅವನು ತಲೆ ಎತ್ತಿ ತಿರುಗಿ ನೋಡಿದ.

"ಆಡಬೇಡ ಅಂದ್ರೆ ಮಾತ್ರ ನಂಬು. ಯಾಕಂದ್ರೆ ಅದ್ರಲ್ಲಿ ನಂಗೆ ನಷ್ಟ ಬಿಟ್ರೆ ಬೇರೇನಿಲ್ಲ." ಅತ್ತಿಗೆ ಗಂಟು ಬಿಗಿದರು. "ಆಡಬೇಡ."

ಜಿಂಕೆ ಎದ್ದು ಕೂತು ಬೂಟು ಹಾಕಿಕೊಳ್ಳುವಾಗ ಕೇಳಿದ: "ಹಾಗಾದ್ರೆ ಶನಿವಾರ ನನ್ನ ತೆಗೀತೀರಾ?"

"ನಿನ್ನ ತೆಗೆದ್ರೆ ಅರ್ಧ ಗಂಟೇಲಿ ಊರಿಗೆಲ್ಲ ಡಂಗುರ. ನಿನ್ನ ಕಾಲಿನ ವಿಷಯ ನಿನ್ನ ಕೋಚ್‌ಗೆ ನೀನು ಹೇಳ್ಬೇಕು. ನನ್ನ ಕನ್ನಡಿ ಹೇಳಬಾರದು."

"ಸೋತುಬಿಡ್ತೀರಿ ಅತ್ತಿಗೆ."

"ಸೋಲೋದು ನಂಗೇನು ಹೊಸದಾ? ಹೋಗು, ಹಿಂದಿನ ಬಾಗಿಲಲ್ಲೇ ಹೋಗು."

ಗುರುವಾರ ಅವನು ಫೋನ್ ಮಾಡಿ ಡಾಕ್ಟರಿಗೆ ಎರಡೇ ಮಾತು ಹೇಳಿದನಂತೆ. ಕೋಚ್‌ಗೆ ಹೇಳಿದ್ದಾನೆ. ಎದುರಾಳಿಗಳು ಅವನಿಗಾಗಿಯೇ ತಯಾರಾಗಲಿ, ಆಡುವವರ ಪಟ್ಟಿ ಹೊರಬೀಳುವವರೆಗೆ ಯಾರಿಗೂ ತಿಳಿಯಬಾರದು ಎಂದು ಕೋಚ್ ಅಪ್ಪಣೆ. ಅತ್ತಿಗೆಗೆ ಅದು ಬಾಯಲ್ಲಿಟ್ಟ ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಮೊದಲು ಕನಿಷ್ಠ ಅವನು ಆಡಿದರೂ ಆಡಿಯಾನು ಎಂಬ ಆಸೆಯಿತ್ತು. ಈಗ ಸೊನ್ನೆ ಖಾತ್ರಿ ಎಂದು ತಿಳಿದೂ ತಿಳಿದೂ ಅವನ ಹೆಸರು ಹೇಳಬೇಕು.

ಶನಿವಾರ ಅಂಗಡಿ ಕಿಕ್ಕಿರಿದಿತ್ತು. ಗಡ್ಡಕ್ಕೆ ಬಂದವರು ಗಡ್ಡ ಮರೆತು ನಿಂತಿದ್ದರು. ಮೊದಲು ಹೇಳುವ ಸರದಿ ಮುಂದಿರುವವರದ್ದು, ಅದೂ ಗಂಡನೇ ಮಾಡಿದ ಕಾನೂನು. ಅವನು ಬದುಕಿದ್ದರೆ ಈ ಕಾನೂನಿಗಾಗಿ ಇನ್ನೊಮ್ಮೆ ಕೆಟಲ್ ಎಸೆಯಬಹುದಿತ್ತು ಎಂದುಕೊಂಡರು ಅತ್ತಿಗೆ.

"ಜಿಂಕೆ ಮೊನ್ನೆ ಮೆಟ್ಟಿಲಿಳಿವಾಗ ಒಂದು ಥರ ಇಳೀತಿದ್ದ ಅಂತ ಯಾರೋ ಅಂದ್ರು" ಎಂದು ಕ್ಷೌರಿಕ ಸೋಪು ಉಜ್ಜುತ್ತಾ, ಕನ್ನಡಿಯಲ್ಲೇ ಆಕೆಯ ಮುಖ ನೋಡುತ್ತಾ ಹೇಳಿದ. "ನಿಮ್ಮ ಕ್ಯಾಪ್ಟನ್ ಯಾರು ಅತ್ತಿಗೆ?"

ಎಲ್ಲರ ಕಣ್ಣೂ ಕನ್ನಡಿಯಲ್ಲಿತ್ತು. ಕಳೆದ ವಾರದ ಅಳಿಸಿದ ಹೆಸರುಗಳ ಮಬ್ಬಿನ ನಡುವೆ ಅತ್ತಿಗೆಗೆ ತನ್ನ ಮುಖ ಕಂಡಿತು. ಅದು ಏನನ್ನೂ ಹೇಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಅಂಗಡಿಯಲ್ಲಿ ಉಪ್ಪು ಕೇಳುವಷ್ಟು ಸಲೀಸಾಗಿ ಹೇಳಿದರು.

"ಇನ್ಯಾರು? ಜಿಂಕೆ."

"ಗೊತ್ತಾಯ್ತಲ್ಲಪ್ಪಾ! ಅತ್ತಿಗೆ ಇಟ್ಟಿದಾರೆ ಅಂದ್ರೆ ಕಾಲು ಕಲ್ಲಿನ ಹಾಗಿದೆ" ಎಂದು ಕ್ಷೌರಿಕ ತನ್ನ ತಂಡಕ್ಕೂ ಅವನನ್ನೇ ಬರೆದುಕೊಂಡ. ನನ್ನನ್ನು ನೋಡಿ ಕಟ್ಟಬೇಡಿ ಎಂದು ಹೇಳಿದ್ದೆನಲ್ಲ ಎಂದು ಅತ್ತಿಗೆ ಸಮಾಧಾನ ಮಾಡಿಕೊಂಡರು. ಸಮಾಧಾನ ಪೂರ್ತಿ ಆಗಲಿಲ್ಲ.

ಮೈದುನ ಗ್ರೀಸು ಮೆತ್ತಿದ ಬೆರಳಿನಿಂದ ತಲೆ ಕೆರೆದುಕೊಂಡ. "ನೋಡಿ ಅತ್ತಿಗೆ, ನೀವೂ ಜಿಂಕೆ, ನಾನೂ ಜಿಂಕೆ ಅಂದ್ರೆ ಅವನು ಎಷ್ಟು ಗೋಲು ಹೊಡೆದ್ರೂ ನಾನು ನಿಮ್ಮ ಹಿಂದೇನೇ. ಸೋತ್ರೂ ಪರವಾಗಿಲ್ಲ, ನಂಗೆ ಬೇರೆಯವನು ಬೇಕು." ಎದುರಾಳಿ ಕ್ಲಬ್ಬಿನ ಫಾರ್ವರ್ಡನನ್ನು ಕ್ಯಾಪ್ಟನ್ ಮಾಡಿ, ಜಿಂಕೆಯನ್ನು ತಂಡದಿಂದಲೇ ತೆಗೆದ. ಅಂಗಡಿಯೆಲ್ಲ ಅವನನ್ನು ಗೇಲಿ ಮಾಡಿತು.

ಭಾನುವಾರ ಅದೇ ಅಂಗಡಿಯ ಟೀವಿಯಲ್ಲಿ ಆಡುವವರ ಪಟ್ಟಿ ಬಂತು. ಜಿಂಕೆಯ ಹೆಸರಿಲ್ಲ. ಕ್ಷೌರಿಕ "ಅಯ್ಯೋ ಅತ್ತಿಗೇ!" ಎಂದು ತಲೆಯ ಮೇಲೆ ಕೈಹೊತ್ತ. ಮೈದುನ ಕುಣಿದ. ಕ್ಯಾಮೆರಾ ಒಮ್ಮೆ ಬೆಂಚಿನ ಕಡೆ ಹೊರಳಿದಾಗ ಜಿಂಕೆ ಸಾದಾ ಬಟ್ಟೆಯಲ್ಲಿ, ಕಾಲು ನೀಡಿ ಕೂತಿದ್ದ. ಆ ಕಾಲನ್ನು ನೋಡಿ ಅತ್ತಿಗೆಗೆ ಅಳು ಬಂತು. ಅವನು ನಿಜವಾಗಿಯೂ ಕೂತಿದ್ದ, ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸಿರಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ಕಂಡವರು ಕೆಟಲಿಗಾಗಿ ಅಳುತ್ತಿದ್ದಾರೆಂದುಕೊಂಡರು. ಸ್ವಲ್ಪ ಅದೂ ಇತ್ತು.

ಜಿಂಕೆಯ ಸೊನ್ನೆಯಿಂದ ಮೈದುನ ಮುಂದಾದ, ಅತ್ತಿಗೆಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೈದುನ ಕೆಟಲನ್ನು ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿಕೊಂಡು, ಬೆಲ್ಲು ಬಾರಿಸುತ್ತಾ ಬೀದಿಯುದ್ದಕ್ಕೂ ಹೋದ. ಒಂದು ವಾರ ಆಕೆಯನ್ನು ಕಾಡಿದ್ದೇ ಕಾಡಿದ್ದು. "ಏನತ್ತಿಗೆ, ಕ್ಲಿನಿಕ್ಕಿನಲ್ಲಿದ್ದೂ ಕುಂಟೋನನ್ನ ಕ್ಯಾಪ್ಟನ್ ಮಾಡಿದ್ರಲ್ಲ! ದೀಪದ ಬುಡದಲ್ಲೇ ಕತ್ತಲೆ ಅನ್ನೋದು ಇದಕ್ಕೇ." ಅತ್ತಿಗೆ ನಕ್ಕು, "ಆಯ್ತಪ್ಪ, ನೀನೇ ಜಾಣ" ಎನ್ನುತ್ತಿದ್ದರು.

ದೊಡ್ಡ ಕ್ಲಬ್ಬಿನವರು ಈ ಸಲ ಬೇರೊಬ್ಬನನ್ನು ನೋಡಿಕೊಂಡು ಹೋಗಿದ್ದರು, ಮುಂದಿನ ವರ್ಷ ಇನ್ನೊಮ್ಮೆ ಬರುತ್ತೇವೆಂದಿದ್ದರು. ಮರುವಾರ ಕ್ಲಬ್ಬು ತಾನೇ ಎಲ್ಲರಿಗೂ ತಿಳಿಸಿತು: ಜಿಂಕೆಯ ತೊಡೆಗೆ ಪೆಟ್ಟಾಗಿತ್ತು, ಪಂದ್ಯದ ವಾರದ ಮಂಗಳವಾರದಿಂದಲೇ ಇಲ್ಲಿನ ಕ್ಲಿನಿಕ್ಕಿನಲ್ಲಿ ಚಿಕಿತ್ಸೆ ನಡೆದಿದೆ, ಚೇತರಿಸಿಕೊಳ್ಳುತ್ತಿದ್ದಾನೆ.

ಅಂದು ಸಂಜೆ ಅತ್ತಿಗೆಯ ಮನೆಯ ಬಾಗಿಲಲ್ಲಿ ಸೈಕಲ್ ನಿಂತ ಸದ್ದಾಯಿತು, ಬೆಲ್ಲು ಬಾರಿಸಲಿಲ್ಲ. ಮೈದುನ ಕೈಯಲ್ಲಿ ಕೆಟಲ್ ಹಿಡಿದು ಹೊಸಿಲಲ್ಲೇ ನಿಂತ.

"ಮಂಗಳವಾರಾನೇ ಗೊತ್ತಿತ್ತಾ ಅತ್ತಿಗೆ?"

"ಒಳಗೆ ಬಾ. ಬಾಗಿಲಲ್ಲಿ ನಿಂತು ಏನು ಮಾತು?"

"ಗೊತ್ತಿದ್ದೂ ಅವನ ಹೆಸರು ಹೇಳಿದ್ರಾ?"

"ಕ್ಲಿನಿಕ್ಕಿನ ವಿಷಯ ನಾನು ಮನೆಗೆ ತರಲ್ಲ" ಎಂದರು ಅತ್ತಿಗೆ. ಊರಿಗೆಲ್ಲ ತಿಳಿದ ಮೇಲೂ ಆಕೆ ಅಷ್ಟೇ ಹೇಳಿದರು. ಮೈದುನ ತಲೆ ತಗ್ಗಿಸಿದ. ಕೆಟಲನ್ನು ಮೆಲ್ಲಗೆ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, "ಇದು ನಿಮ್ಮದು. ನಾನು ಗೆದ್ದಿದ್ದಲ್ಲ ಇದು" ಎಂದ. ಆ ಸ್ವರ ಅಣ್ಣನದ್ದೇ.

ಅತ್ತಿಗೆ ಕೆಟಲ್ ತೊಳೆದು, ನೀರು ಹಾಕಿ, ಒಲೆಯ ಮೇಲಿಟ್ಟರು. ತಗ್ಗಾದ ಹೊಟ್ಟೆ ತಮ್ಮ ಕಡೆಗೆ ಬರುವಂತೆ ತಿರುಗಿಸಿಟ್ಟರು, ಗಂಡನೂ ಹಾಗೇ ಇಡುತ್ತಿದ್ದ. ನೀರು ಕುದಿಯುವವರೆಗೆ ಇಬ್ಬರೂ ಅದನ್ನೇ ನೋಡುತ್ತಾ ನಿಂತರು. ಬಗ್ಗಿಸುವಾಗ ಮೂತಿಯ ಬುಡದಲ್ಲಿ ಚಹಾ ಸೋರಿ ಕಟ್ಟೆಯ ಮೇಲೆ ಹರಿಯಿತು. ಇಷ್ಟು ಮನೆ ಸುತ್ತಿ ಬಂದರೂ ಆ ಹಳೆಯ ಸೋರಿಕೆಯನ್ನು ಯಾರೂ ಸರಿ ಮಾಡಿಸಿರಲಿಲ್ಲ.

ಚಹಾ ಮುಗಿದ ಮೇಲೆ ಆಕೆ ಕೆಟಲನ್ನು ಒರೆಸಿ, ಮೈದುನನ ಕೈಗೆ ಕೊಟ್ಟರು.

"ಅತ್ತಿಗೆ, ಬೇಡ..."

"ತಗೊಂಡು ಹೋಗು. ಕನ್ನಡಿ ಮೇಲೆ ನಿನ್ನ ತಂಡ ಗೆದ್ದಿದೆ. ನಿಮ್ಮಣ್ಣ ಮಾಡಿದ ಕಾನೂನು, ನಾನು ನೀನು ಮುರಿಯೋದಲ್ಲ. ಮುಂದಿನ ವರ್ಷ ನಾನೇ ಬಂದು ಕಿತ್ಕೊಂಡು ಬರ್ತೀನಿ. ಅಲ್ಲೀವರೆಗೆ ದಿನಾ ಬೆಳಿಗ್ಗೆ ಇದ್ರಲ್ಲೇ ಚಹಾ ಮಾಡು, ಸುಮ್ನೆ ಷೋಕೇಸಲ್ಲಿ ಇಡಬೇಡ."

ಅವನು ಹೋದ. ಅತ್ತಿಗೆ ಲೋಟಗಳೆರಡನ್ನೂ ತೊಳೆದಿಟ್ಟು, ಕಟ್ಟೆಯ ಮೇಲೆ ಸೋರಿದ ಚಹಾವನ್ನು ಒರೆಸಲು ಬಟ್ಟೆ ತೆಗೆದುಕೊಂಡರು. ಆಮೇಲೆ ಒರೆಸದೆ, ಅದು ಒಣಗುವವರೆಗೂ ಹಾಗೇ ಬಿಟ್ಟರು.